ಕೊಂಬಣ್ಣನ ಮುಂದೆ ಸೋಲುವ ವಿದ್ಯೆ

ಜನರನ್ನು ಸಾಯಿಸುವುದು ನನ್ನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಊಟದ ಹೊತ್ತಿಗೆ ಏನಿಲ್ಲವೆಂದರೂ ಇನ್ನೂರು ಸಾವು. ಗಾಬರಿಯಾಗಬೇಡಿ, ಎಲ್ಲ ಪರದೆಯ ಮೇಲೆ. ಮೈಸೂರಿನ ನಮ್ಮ ಪುನಶ್ಚೇತನ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಹೆಸರು ಸುಮಿತ್ರ, ಓದಿದ್ದು ಫಿಸಿಯೋಥೆರಪಿ. ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮಾತು ಬದಲಾಯಿಸುತ್ತೇನೆ.

ಪಾರ್ಶ್ವವಾಯು ಹೊಡೆದರೆ ಮಿದುಳಿನಿಂದ ಕೈಗೆ ಹೋಗುವ ದಾರಿ ಕೆಡುತ್ತದೆ. ಪಕ್ಕದಲ್ಲೇ ಹೊಸ ದಾರಿ ಹಾಕಬಹುದು, ಆದರೆ ಮಿದುಳು ಮಹಾ ಜಂಬದ ವಸ್ತು, ಸುಲಭಕ್ಕೆ ಒಪ್ಪುವುದಿಲ್ಲ. ತನ್ನ ಹಳೆಯ ರೀತಿ ತಪ್ಪು ಎಂದು ಅದು ಒಪ್ಪಿಕೊಳ್ಳುವುದು ಒಂದೇ ಸಂದರ್ಭದಲ್ಲಿ. ಇನ್ನೇನು ಗೆದ್ದೆ ಅಂದುಕೊಂಡಾಗ ಸೋಲಬೇಕು. ಆ ಸೋಲಿನ ನಂತರದ ಅರ್ಧ ಸೆಕೆಂಡು ಮಿದುಳು ಬಾಗಿಲು ತೆರೆದಿಟ್ಟಿರುತ್ತದೆ. ರೋಗಿಯ ತಲೆಯ ಮೇಲಿನ ಟೋಪಿ ಅದನ್ನು ಪತ್ತೆ ಮಾಡುತ್ತದೆ, ಮೊಣಕೈ ಕೆಳಗಿನ ಪಟ್ಟಿ ಆ ಅರ್ಧ ಸೆಕೆಂಡಿನಲ್ಲೇ ಸಣ್ಣ ವಿದ್ಯುತ್ತು ಕೊಟ್ಟು ಕೈಯನ್ನು ಮಿಡಿಸುತ್ತದೆ. ಒಂದು ಸೋಲಿಗೆ ಒಂದು ಹೊಲಿಗೆ. ಇಂಥ ಸಾವಿರಾರು ಹೊಲಿಗೆ ಬಿದ್ದರೆ ಕೈ ಬರುತ್ತದೆ. ಆದರೆ ಇದೆಲ್ಲ ಪಾರ್ಶ್ವವಾಯು ಹೊಡೆದ ತೊಂಬತ್ತು ದಿನದೊಳಗೆ ಆಗಬೇಕು, ಆಮೇಲೆ ಬಾಗಿಲು ಗಟ್ಟಿಯಾಗಿಬಿಡುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ.

ಇದಕ್ಕಾಗಿ ನಾವು ಬಳಸುವ ಆಟದ ಹೆಸರು ‘ಕಗ್ಗಲ್ಲು ಕೋಟೆ’. ಕತ್ತಿ ಗುರಾಣಿ ಹಿಡಿದ ಒಬ್ಬ ವೀರ, ಏಳು ಬಾಗಿಲಿನ ಕೋಟೆ, ಬಾಗಿಲಿಗೊಂದು ಭೂತ. ಮೊದಲನೇ ಬಾಗಿಲಿನ ಭೂತಕ್ಕೆ ಆಟ ಬರೆದವರು ಇಟ್ಟ ಹೆಸರು ಯಾರ ಬಾಯಲ್ಲೂ ತಿರುಗುವುದಿಲ್ಲ. ನಮ್ಮ ರೋಗಿಗಳು ಅವನನ್ನು ಕೊಂಬಣ್ಣ ಅನ್ನುತ್ತಾರೆ. ಎರಡಾಳು ಎತ್ತರ, ಎಮ್ಮೆಯ ಕೊಂಬು, ಕೈಯಲ್ಲಿ ಒನಕೆ. ಅವನ ಒಂದು ಏಟಿಗೆ ಅರ್ಧ ಜೀವ ಹೋಗುತ್ತದೆ, ಎರಡನೇ ಏಟಿಗೆ ಕಥೆ ಮುಗಿಯುತ್ತದೆ. ಮತ್ತೆ ದೀಪದ ಕಂಬದ ಹತ್ತಿರದಿಂದ ಶುರು ಮಾಡಬೇಕು.

ಹೊಸಬರಿಗೆಂದು ನಾನೇ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಪರದೆಯ ಹಸಿರು ಪಟ್ಟಿ ನಿಮ್ಮ ದಮ್ಮು, ಅದನ್ನು ಪೂರಾ ಖಾಲಿ ಮಾಡಬೇಡಿ, ಪಕ್ಕಕ್ಕೆ ಉರುಳಿ ತಪ್ಪಿಸಿಕೊಳ್ಳುವಷ್ಟು ಉಳಿಸಿಕೊಳ್ಳಿ. ಭೂತದ ಒನಕೆ ನೋಡಬೇಡಿ, ಭುಜ ನೋಡಿ. ಅವನು ಹತ್ತಿರವಿದ್ದಾಗ ಗಾಯದ ಕಷಾಯ ಕುಡಿಯಲು ಹೋಗಬೇಡಿ. ಎರಡು ಏಟು ಬಿದ್ದ ಮೇಲೆ ಮೂರನೆಯದಕ್ಕೆ ಆಸೆಪಡಬೇಡಿ. ಹನ್ನೊಂದು ವರ್ಷದಲ್ಲಿ ಈ ಹಾಳೆಯನ್ನು ನಿಂತು ಓದಿದ ಒಬ್ಬ ಪುಣ್ಯಾತ್ಮನನ್ನೂ ನಾನು ಕಂಡಿಲ್ಲ.

ಲಿಂಗಾಚಾರ್ ಅಂತೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಚಿಕ್ಕಗಡಿಯಾರ ವೃತ್ತದ ಹತ್ತಿರ ಮೂವತ್ತೈದು ವರ್ಷ ಬೀಗ ರಿಪೇರಿ ಮಾಡಿಕೊಂಡು, ಕಳೆದುಹೋದ ಬೀಗದ ಕೈಗಳನ್ನು ಮತ್ತೆ ಮಾಡಿಕೊಟ್ಟುಕೊಂಡು ಬಂದ ಮನುಷ್ಯ. ಐವತ್ತೆಂಟು ವರ್ಷ, ಮೂಗಿನ ತುದಿಯಲ್ಲಿ ಕೋಪ. ಪಾರ್ಶ್ವವಾಯು ಹೊಡೆದ ಹನ್ನೆರಡನೇ ದಿನ ಬಂದರು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು.

"ಈ ಕೈ ಬಂದ್ರೆ ನಾನು ಲಿಂಗಾಚಾರಿ. ಬರ್ಲಿಲ್ಲ ಅಂದ್ರೆ ಆ ಬಾಗ್ಲು ಹತ್ರ ಬಿಟ್ಟಿದೀರಲ್ಲ, ಆ ಚಪ್ಲಿಗೂ ನನಗೂ ವ್ಯತ್ಯಾಸ ಇಲ್ಲ ಮೇಡಂ" ಎಂದರು.

"ಬರುತ್ತೆ ಆಚಾರ್ರೇ. ಮೊದ್ಲು ಗೋಡೆ ಮೇಲಿರೋ ಹಾಳೆ ಒಂಚೂರು ಓದಿ."

"ಹೊಡೆದಾಟಕ್ಕೂ ಪಾಠಾನಾ? ಶುರು ಮಾಡಿ, ಮಾಡಿ."

ಶುರು ಮಾಡಿದೆ. ಕೈ ಅಲ್ಲಾಡದಿದ್ದರೂ ನರದಲ್ಲಿ ಉಳಿದ ಎಳೆಯಷ್ಟು ಮಿಡಿತವನ್ನು ಪಟ್ಟಿ ಹಿಡಿದು ಪರದೆಯ ಮೇಲಿನ ಕತ್ತಿಯನ್ನು ಎತ್ತಿಸುತ್ತದೆ. ಅವರು ನುಗ್ಗಿದ್ದೇ ನುಗ್ಗಿದ್ದು. ಕೊಂಬಣ್ಣ ಎರಡೇ ಸಲ ಒನಕೆ ಬೀಸಿ ಮಲಗಿಸಿದ. "ಥತ್ತೇರಿ!" ಎಂದು ಎಡಗೈಯಿಂದ ತೊಡೆಗೆ ಪಟಾರನೆ ಹೊಡೆದುಕೊಂಡರು. ಎರಡನೇ ಸಲ ಸತ್ತಾಗಲೂ ಅದೇ, ಹದಿನೇಳನೇ ಸಲವೂ ಅದೇ. ಸೋಲು ಬಂತೆಂದರೆ ಎಡಗೈ ತೊಡೆಗೆ ಬೀಳಲೇಬೇಕು.

ಹಿಂದಿನ ಕುರ್ಚಿಯಲ್ಲಿ ಅವರ ಹೆಂಡತಿ ಗೌರಾಂಬ ಕೂತಿದ್ದರು. ಮನೆಯಲ್ಲಿ ಊದುಬತ್ತಿ ಹೊಸೆದು ಸಂಸಾರ ತೂಗಿಸುವ ಹೆಂಗಸು. ಗಂಡನಿಗೆ ಏಟು ಬಿದ್ದಾಗಲೆಲ್ಲ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ‘ಅಯ್ಯೋ ಶಿವನೇ’ ಅನ್ನುತ್ತಿದ್ದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಕೋಣನ್ನ ಸ್ವಲ್ಪ ಮೆತ್ತಗೆ ಮಾಡಕ್ಕಾಗಲ್ವಾ ತಾಯಿ? ಒಂದು ಸಲ, ಒಂದೇ ಒಂದು ಸಲ ಇವರು ಗೆಲ್ಲಲಿ. ಮುಖ ಹೆಂಗಾಗೋಗಿದೆ ನೋಡಿ."

"ಆಗಲ್ಲಮ್ಮ. ಸೋಲೋದೇ ಇಲ್ಲಿ ಔಷಧಿ" ಎಂದೆ. ಹಿಂದೆ ಇನ್ನೂ ಮೂವರು ರೋಗಿಗಳು ಕಾಯುತ್ತಿದ್ದರು. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲಿಲ್ಲ. ಹೇಳಬೇಕಿತ್ತು.

ಇಪ್ಪತ್ಮೂರನೇ ದಿನ ಮನೆಗೆ ಒಂದು ಪೆಟ್ಟಿಗೆ ಕೊಟ್ಟು ಕಳಿಸಿದೆವು. ಟೋಪಿ, ಪಟ್ಟಿ, ಚಿಕ್ಕ ಪರದೆ ಎಲ್ಲ ಅದರಲ್ಲೇ. ದಿನಕ್ಕೆ ಒಂದು ಗಂಟೆ ಆಡಬೇಕು, ಇಲ್ಲಿಗೆ ವಾರಕ್ಕೊಮ್ಮೆ ಬಂದರೆ ಸಾಕು. ಗಂಟೆ ತುಂಬದಿದ್ದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಮೂರು ದಿನ ಸತತ ಕೆಂಪು ದೀಪ ಬಂದರೆ ಪೆಟ್ಟಿಗೆ ವಾಪಸ್, ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ.

ಅವರ ಕೈಯ ಮಿಡಿತ, ಆಟದ ಏರಿಳಿತ ಎರಡನ್ನೂ ತೋರಿಸುವ ಗೆರೆ ನಮ್ಮ ನಿಯಂತ್ರಣ ಕೊಠಡಿಯ ಪರದೆಗೆ ದಿನಾ ಬರುತ್ತಿತ್ತು. ಮೊದಲ ವಾರ ಸಪ್ಪೆಯಾಗಿತ್ತು. ಎರಡನೇ ವಾರ ಕೊಂಬಣ್ಣ ಬಿದ್ದ! ನಾಲ್ಕನೇ ವಾರದ ಹೊತ್ತಿಗೆ ಲಿಂಗಾಚಾರ್ ಮೂರನೇ ಬಾಗಿಲು ದಾಟಿ ನಾಲ್ಕಕ್ಕೆ ಬಂದಿದ್ದರು. ನಮ್ಮ ಕೇಂದ್ರದಲ್ಲಿ ಆ ವೇಗ ಯಾರೂ ಕಂಡಿರಲಿಲ್ಲ. ನಮ್ಮ ಮುಖ್ಯಸ್ಥರು ಡಾಕ್ಟರ್ ಬೆಳ್ಳಿಯಪ್ಪ ಕಾಫಿ ಲೋಟ ಹಿಡಿದುಕೊಂಡೇ ಪರದೆ ಮುಂದೆ ನಿಂತುಬಿಡುತ್ತಿದ್ದರು.

"ಸುಮಿತ್ರ, ಈ ಗೆರೆ ನೋಡ್ರಿ, ಏಣಿ ಇಟ್ಟ ಹಾಗೆ ಹತ್ತುತ್ತಾ ಇದೆ. ಮುಂದಿನ ತಿಂಗಳು ಹೊರಗಿನ ಡಾಕ್ಟರುಗಳು ಬರ್ತಾರಲ್ಲ, ಈ ಮನುಷ್ಯನನ್ನೇ ತೋರಿಸೋಣ."

ನನಗೂ ಹೆಮ್ಮೆಯೇ. ಆದರೆ ವಾರಕ್ಕೊಮ್ಮೆ ಬರುವ ಮನುಷ್ಯ ಬೇರೆಯೇ ಕಾಣುತ್ತಿದ್ದ. ಯಂತ್ರ ಗೆರೆಯನ್ನು ನಂಬಿ ಅವರನ್ನು ನೇರ ನಾಲ್ಕನೇ ಬಾಗಿಲಿಗೆ ನಿಲ್ಲಿಸುತ್ತಿತ್ತು. ಚೆನ್ನಾಗಿ ಆಡುವವನಿಗೆ ಸಹಾಯ ಯಾಕೆ ಎಂದು ಪಟ್ಟಿಯ ವಿದ್ಯುತ್ತನ್ನೂ ತಗ್ಗಿಸಿತ್ತು. ಎರಡು ಸೆಕೆಂಡಿನಲ್ಲಿ ಸಾಯುತ್ತಿದ್ದರು. ಈಗ ಥತ್ತೇರಿಯೂ ಇಲ್ಲ, ತೊಡೆಗೆ ಏಟೂ ಇಲ್ಲ. ಗೆಲ್ಲುವ ಆಸೆಯೇ ಇಲ್ಲದವನು ಸೋತರೆ ಮಿದುಳಿಗೆ ಅದು ಸೋಲೇ ಅಲ್ಲ, ಬಾಗಿಲು ತೆರೆಯುವುದೇ ಇಲ್ಲ.

"ನಿಮ್ಮ ಇಲ್ಲಿನ ಮಿಷನ್ನು ಕೆಟ್ಟಿದೆ ಮೇಡಂ. ಮನೇದ್ರಲ್ಲಿ ಹತ್ತು ನಿಮಿಷ ಆಡಿದ್ರೆ ಮಾರನೇ ದಿನಕ್ಕೆ ಒಂದು ಬಾಗ್ಲು ಮುಂದಿರ್ತೀನಿ" ಎಂದರು.

ಹತ್ತು ನಿಮಿಷ? ಗೆರೆ ದಿನಾ ಪೂರ್ತಿ ಒಂದು ಗಂಟೆ ತೋರಿಸುತ್ತಿತ್ತು.

ಅವತ್ತು ಅರವತ್ತನೇ ದಿನ. ಅವರು ಹೋದ ಮೇಲೆ ಗೆರೆಯನ್ನು ಹಿಗ್ಗಿಸಿ ಒಂದೊಂದೇ ಏಟು ನೋಡುತ್ತ ಕೂತೆ. ಪ್ರತಿ ಕತ್ತಿಯೇಟಿನ ಮುಂಚೆ ಹೆಬ್ಬೆರಳಿನ ನಾಲ್ಕು ಚಿಕ್ಕ ಒತ್ತು, ಆಮೇಲೆ ಅಂಗೈಯ ಒಂದು ಉದ್ದ ಉರುಳು. ಒತ್ತು, ಒತ್ತು, ಒತ್ತು, ಒತ್ತು, ಉರುಳು. ಮತ್ತೆ ಅದೇ. ನನ್ನ ಕೈ ತಾನಾಗಿಯೇ ಮೇಜಿನ ಮೇಲೆ ಹಾಗೇ ಆಡಿತು. ನಮ್ಮಮ್ಮ ಊದುಬತ್ತಿ ಹೊಸೆದೇ ನನ್ನನ್ನು ಓದಿಸಿದವಳು. ಮಸಾಲೆ ಹಿಟ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ಹರಡಿ, ಕಡ್ಡಿ ಇಟ್ಟು, ಅಂಗೈಯಲ್ಲಿ ಒಂದೇ ಸಲ ಉರುಳಿಸುವುದು. ಬೀಗ ರಿಪೇರಿಯವನ ಕೈಗೆ ಈ ತಾಳ ಎಲ್ಲಿಂದ ಬರಬೇಕು? ಈ ಟೋಪಿಗೋ, ಯಾರ ತಲೆ ಎಂದು ಕೇಳುವ ಬುದ್ಧಿ ನಾವು ಕೊಟ್ಟಿರಲಿಲ್ಲ. ರೋಗಿಯ ಮಿದುಳು ದಿನಾ ಬದಲಾಗುತ್ತದಲ್ಲ ಎಂದು ಬಿಟ್ಟಿದ್ದೆವು.

ಮಾರನೇ ದಿನ ಮಧ್ಯಾಹ್ನ ಎರಡೂವರೆಗೆ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಕೋಣೆಯಿಂದ ಆಚಾರ್ರ ಗೊರಕೆ. ನಡುಮನೆಯಲ್ಲಿ, ಊದುಬತ್ತಿಯ ಮಣೆಯ ಪಕ್ಕ, ತುರುಬಿನ ಮೇಲೆ ಟೋಪಿ ಏರಿಸಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿ ಪಟ್ಟಿ ಕಟ್ಟಿಕೊಂಡು ಗೌರಾಂಬ ಯುದ್ಧ ಮಾಡುತ್ತಿದ್ದರು.

"ಈ ಕಡೆ ಉರುಳೋ ಮುಂಡೇದೇ! ದಮ್ಮು ಎಲ್ಲಿ ಉಳಿಸ್ಕೊಂಡೆ? ಹಾಂ, ಹಂಗೆ. ಭುಜ ಎತ್ತಿದ, ಈಗ ಬರ್ತಾನೆ, ಈಗ... ತಗೋ!"

ನಾನು ಕೆಮ್ಮಿದೆ. ಅವರು ತಿರುಗಿ ನೋಡಿ ಟೋಪಿ ಕಿತ್ತರು, ತುರುಬು ಬಿಚ್ಚಿಹೋಯಿತು.

"ಎಷ್ಟು ದಿನದಿಂದ ಅಮ್ಮ?"

"ಪೆಟ್ಟಿಗೆ ಬಂದಾಗಿಂದ." ದನಿ ಕೆಳಗಿಳಿದಿತ್ತು. "ಅವರು ಹತ್ತು ನಿಮಿಷ ಆಡಿ ಎತ್ತಿ ಒಗೀತಾರೆ. ಮಲಗ್ತಾರೆ. ಗಂಟೆ ತುಂಬ್ಲಿಲ್ಲ ಅಂದ್ರೆ ಕೆಂಪು ದೀಪ, ನೀವು ಪೆಟ್ಟಿಗೆ ತಗೊಂಡೋಗ್ತೀರಿ. ಅದಕ್ಕೆ ಮಿಕ್ಕಿದ್ದನ್ನ ನಾನು ತುಂಬಿಸ್ತಾ ಬಂದೆ."

"ನೀವು ಆಡಿದ್ರೆ ಅವರಿಗೇನು ಬಂತು?"

"ಅವರಿಗೆ ಜ್ವರ ಬಂದಾಗ ಉಪವಾಸ ಇದ್ದೋಳು ನಾನು. ಅವರ ಹೆಸರಲ್ಲಿ ಬೆಟ್ಟದ ಮೆಟ್ಲು ಹತ್ತಿದೋಳು ನಾನು. ಅದೆಲ್ಲ ಅವರಿಗೆ ಸೇರಲಿಲ್ವಾ? ಇದೂ ಹಂಗೇ ಅಂದ್ಕೊಂಡೆ. ಏಟು ಯಾರಾದ್ರೂ ತಿನ್ನಬೇಕಲ್ಲ, ನಾನೇ ತಿಂತೀನಿ ಅಂದ್ಕೊಂಡೆ."

ನನಗೆ ಕೋಪ ಬಂದಿತ್ತು, ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೂ ಹೇಳಲೇಬೇಕಿತ್ತು. ಮಣೆಯ ಪಕ್ಕ ಕೂತು, ಮೊದಲ ದಿನ ಬಿಟ್ಟಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಸೋತವರ ಮಿದುಳಿಗೇ ಹೊಲಿಗೆ ಬೀಳುವುದು, ಬೇರೆಯವರಿಗಲ್ಲ. ಅವರ ಮಾತ್ರೆಯನ್ನು ನೀವು ನುಂಗಿದ ಹಾಗಾಯಿತು. ಮೂವತ್ತೆಂಟು ದಿನದ ಔಷಧಿ. ಇವತ್ತು ಅರವತ್ತೊಂದನೇ ದಿನ, ಉಳಿದಿರುವುದು ಇಪ್ಪತ್ತೊಂಬತ್ತು.

ಗೌರಾಂಬ ತಮ್ಮ ಬಲಗೈಯನ್ನೇ ನೋಡುತ್ತ ಕೂತರು. "ಹಂಗಾದ್ರೆ ಅವರ ಕೈ ನಾನೇ ತಿಂದೆ" ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ತಪ್ಪು ನಮ್ಮದೂ ಇದೆ ಎಂದೆ. ನಾವೆಲ್ಲ ಗೆರೆ ನೋಡಿಕೊಂಡು ಹಿಗ್ಗುತ್ತಿದ್ದೆವು, ಆ ಕೈಯನ್ನು ಹಿಡಿದು ನೋಡಿದವರು ಒಬ್ಬರೂ ಇಲ್ಲ. ಅವರಿಗೆ ಅದು ಕೇಳಿಸಿತೋ ಇಲ್ಲವೋ.

ಗೊರಕೆ ನಿಂತು ಎಷ್ಟು ಹೊತ್ತಾಗಿತ್ತೋ. ಲಿಂಗಾಚಾರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

"ಮೂರು ಬಾಗ್ಲು ದಾಟಿರೋದು ನೀನಾ?"

ಗೌರಾಂಬ ಬಿಚ್ಚಿದ ತುರುಬು ಕಟ್ಟಿಕೊಳ್ಳುತ್ತ ತಲೆಯಾಡಿಸಿದರು.

"ಊರೆಲ್ಲ ಹೇಳ್ಕೊಂಡ್ ಬಂದೆನಲ್ಲೇ, ಲಿಂಗಾಚಾರಿ ನಾಲ್ಕನೇ ಬಾಗ್ಲಲ್ಲವ್ನೆ ಅಂತ! ಮರ್ಯಾದೆ ತೆಗೆದ್ಯಲ್ಲೇ ನಂದು" ಎಂದು ಕೂಗಾಡಿದರು. ಆಮೇಲೆ ಸುಸ್ತಾಗಿ ಗೋಡೆಗೆ ಒರಗಿ ಕೂತರು. ನಾನು ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ಗೌರಾ, ಆ ಕೊಂಬಣ್ಣನ್ನ ಹೆಂಗೆ ಹೊಡೆದೆ?"

ಗೌರಾಂಬ ಕಣ್ಣೊರೆಸಿಕೊಂಡರು. "ಮೊದ್ಲು ಹೊಡೆಯಕ್ಕೇ ಹೋಗ್ಬಾರ್ದು ರೀ. ಒಂದು ಹತ್ತು ಸಲ ಸುಮ್ನೆ ಅವನು ಹೆಂಗೆ ಹೊಡೀತಾನೆ ಅಂತ ನೋಡ್ಬೇಕು, ಸತ್ರೂ ಪರವಾಗಿಲ್ಲ. ಭುಜ ಎತ್ತಿದ ಮೇಲೆ ಒಂದು ಉಸಿರು ಬಿಡುವಷ್ಟು ಹೊತ್ತು ನಿಲ್ತಾನೆ. ನೀವು ಆ ಹೊತ್ತಲ್ಲಿ ಹಿಂದಕ್ಕೆ ಓಡ್ತೀರಿ, ಒನಕೆ ಉದ್ದ, ಸಿಕ್ಕಿಬೀಳ್ತೀರಿ. ಅವನ ಕಡೇನೇ ಉರುಳಬೇಕು, ಕಂಕುಳ ಕೆಳಗೆ. ಎದ್ದು ಎರಡು ಏಟು. ನಿಮಗೆ ಮೂರನೇದು ಹೊಡೆಯೋ ಚಪಲ, ಅಲ್ಲೇ ಸಾಯೋದು ನೀವು."

ನನ್ನ ಹಾಳೆಯಲ್ಲಿದ್ದುದೂ ಅದೇ, ಆದರೆ ಅದು ಹಾಳೆ. ಲಿಂಗಾಚಾರ್ ಕಣ್ಣು ಕಿರಿದು ಮಾಡಿಕೊಂಡು ಕೇಳುತ್ತಿದ್ದರು.

"ಕೈ ಕಳೆದುಹೋದ ಬೀಗ ಇದ್ದಂಗೆ ಅನ್ನು" ಎಂದರು ನಿಧಾನವಾಗಿ. ನನ್ನ ಕಡೆ ತಿರುಗಿ ವಿವರಿಸಿದರು. "ಹಲ್ಲು ಕೆತ್ತದೇ ಇರೋ ಖಾಲಿ ಬೀಗದ ಕೈ ತಗೊಂಡು ಬೀಗಕ್ಕೆ ಹಾಕಿ ತಿರುಗಿಸ್ತೀವಿ ಮೇಡಂ. ತಿರುಗಲ್ಲ. ಆದ್ರೆ ಒಳಗೆ ಎಲ್ಲಿ ತಡೀತೋ ಅಲ್ಲಿ ಸಣ್ಣ ಗುರುತು ಬೀಳ್ತದೆ. ಆಚೆ ತೆಗೆದು ಆ ಗುರುತಿರೋ ಕಡೆ ಮಾತ್ರ ಅರ ಉಜ್ಜೋದು. ಮತ್ತೆ ಹಾಕೋದು, ಮತ್ತೆ ತಿರುಗಲ್ಲ, ಮತ್ತೆ ಗುರುತು. ಬಲ ಹಾಕಿದ್ರೆ ಕೈ ಮುರೀತದೆ, ಅಷ್ಟೇ. ಮೂವತ್ತೈದು ವರ್ಷ ಇದನ್ನೇ ಮಾಡಿದೋನು, ಈ ಕೋಣನ ಹತ್ರ ಹೋಗಿ ಬಲ ಹಾಕ್ತಿದ್ದೆ ನೋಡಿ, ದಡ್ಡ ನನ್ಮಗ."

ಮಾರನೇ ಬೆಳಿಗ್ಗೆ ಬೆಳ್ಳಿಯಪ್ಪನವರಿಗೆ ಎಲ್ಲ ಒಪ್ಪಿಸಿದೆ. ಅವರು ಪರದೆಯ ಮೇಲಿದ್ದ ಏಣಿಯಂಥ ಗೆರೆಯನ್ನು ತುಂಬಾ ಹೊತ್ತು ನೋಡಿ ತಾವೇ ಅಳಿಸಿದರು. ತೋರಿಸುವ ಕಾರ್ಯಕ್ರಮ ರದ್ದಾಯಿತು. "ಇಪ್ಪತ್ತೆಂಟು ದಿನದಲ್ಲಿ ಆಗೋ ಕೆಲಸ ಅಲ್ಲ ಸುಮಿತ್ರ. ಅವರಿಗೆ ಸುಳ್ಳು ಆಸೆ ಕೊಡಬೇಡಿ" ಎಂದರು. ಆದರೆ ಪ್ರತಿದಿನ ಎರಡು ಗಂಟೆ ಆ ಕೋಣೆ ಅವರಿಗೇ ಬಿಡಿ ಎಂದು ಬರೆದುಕೊಟ್ಟರು. ಒಳ್ಳೆಯ ಮನುಷ್ಯ, ಗೆರೆಯ ಹುಚ್ಚು ಒಂದು ಬಿಟ್ಟರೆ.

ಯಂತ್ರವನ್ನು ಸೊನ್ನೆಗೆ ತಂದೆವು. ದಂಪತಿ ದಿನಾ ಬಂದರು. ಗೌರಾಂಬ ಮಣೆ ಮಸಾಲೆ ಸಮೇತ ಬಂದು ಪಕ್ಕದಲ್ಲೇ ಕೂತು ಹೊಸೆಯುತ್ತಿದ್ದರು. ಪಟ್ಟಿ ಮುಟ್ಟುವ ಹಾಗಿಲ್ಲ ಎಂದು ನಾನು ತಾಕೀತು ಮಾಡಿದ್ದೆ. ಬಾಯಿಗೆ ಮಾತ್ರ ತಾಕೀತು ಮಾಡಿರಲಿಲ್ಲ.

"ದಮ್ಮು ನೋಡ್ಕೊಳ್ರೀ."

"ನೋಡ್ಕೊಂಡೆ ಕಣೇ."

"ಎಲ್ಲಿ ನೋಡ್ಕೊಂಡ್ರಿ? ಸತ್ರಿ. ಈಗ ಹೇಳಿ, ಗುರುತು ಎಲ್ಲಿ ಬಿತ್ತು?"

"ಎರಡನೇ ಏಟಾದ ಮೇಲೆ. ಎದ್ದೇಳದು ನಿಧಾನ ಆಯ್ತು."

"ಅಲ್ಲಿ ಅರ ಉಜ್ಜಿ, ಮತ್ತೆ ಹೋಗಿ."

ಗಂಡ ಸಾಯುವುದನ್ನು ನೋಡಲಾಗದೆ ಬಾಯಿಗೆ ಸೆರಗು ಅಡ್ಡ ಇಡುತ್ತಿದ್ದ ಹೆಂಗಸು ಈಗ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಒಳಗೆ ಏನಾಗುತ್ತಿತ್ತೋ, ಹೊಸೆದ ಕಡ್ಡಿಗಳು ಆಗಾಗ ಸೊಟ್ಟಗಾಗುತ್ತಿದ್ದವು. ಥತ್ತೇರಿ ಮರಳಿ ಬಂತು, ಎಡಗೈಯ ಏಟೂ ಬಂತು. ನನಗೆ ಅಷ್ಟೇ ಸಮಾಧಾನ. ಟೋಪಿ ಪ್ರತಿ ಸೋಲಿಗೂ ಬಾಗಿಲು ತೆರೆದಿದ್ದನ್ನು ತೋರಿಸುತ್ತಿತ್ತು. ಆದರೆ ಕೈ? ಎಪ್ಪತ್ತನೇ ದಿನ ಏನಿಲ್ಲ. ಎಂಬತ್ತನೇ ದಿನ ಹೆಬ್ಬೆರಳು ಒಂದು ಸಲ ಅದುರಿದ ಹಾಗಿತ್ತು, ಮತ್ತೆ ಅದುರಲಿಲ್ಲ. ಎಂಬತ್ತೇಳಕ್ಕೆ ನಾನು ದಿನ ಎಣಿಸುವುದನ್ನು ಬಿಟ್ಟೆ.

ತೊಂಬತ್ತನೇ ದಿನ ಬೆಳ್ಳಿಯಪ್ಪನವರೂ ಬಂದು ಗೋಡೆಗೊರಗಿ ನಿಂತರು. ಲಿಂಗಾಚಾರ್ ಅವತ್ತು ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಕೊಂಬಣ್ಣನ ಕಂಕುಳ ಕೆಳಗೆ ಉರುಳುವುದು, ಎರಡು ಏಟು, ಹಿಂದೆ ಸರಿಯುವುದು, ದಮ್ಮು ತುಂಬುವವರೆಗೆ ಕಾಯುವುದು. ಕೊಂಬಣ್ಣನ ಜೀವದ ಕೆಂಪು ಪಟ್ಟಿ ಕರಗುತ್ತ ಕರಗುತ್ತ ಉಗುರಿನಷ್ಟಕ್ಕೆ ಬಂತು. ಇನ್ನು ಮೂರೇ ಏಟು ಸಾಕು. ಗೌರಾಂಬರ ಕೈ ಮಣೆಯ ಮೇಲೆ ನಿಂತುಹೋಗಿತ್ತು.

ಆಚಾರ್ ಎರಡು ಏಟು ಹೊಡೆದರು. ಮೂರನೆಯದಕ್ಕೆ ಆಸೆಪಟ್ಟರು. ಒನಕೆ ಬಂತು, ವೀರ ಬಿದ್ದ.

"ಥತ್ತೇರಿ!"

ತೊಡೆಗೆ ಪಟಾರನೆ ಏಟು ಬಿತ್ತು. ಬೆಳ್ಳಿಯಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಪರದೆ ಆರಿಸಲು ಎದ್ದೆ, ಯಾರ ಮುಖ ನೋಡಲೂ ಧೈರ್ಯವಿರಲಿಲ್ಲ.

"ರೀ" ಎಂದರು ಗೌರಾಂಬ. ಆ ದನಿ ಕೇಳಿ ನಾನು ತಿರುಗಿದೆ. "ರೀ, ಯಾವ ಕೈಲಿ ಹೊಡ್ಕೊಂಡ್ರಿ?"

ಲಿಂಗಾಚಾರ್ ತಲೆ ತಗ್ಗಿಸಿ ನೋಡಿದರು. ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ತೊಡೆಯ ಮೇಲೆ, ಪಟ್ಟಿ ಕಟ್ಟಿದ ಬಲಗೈ ಅಂಗಾತ ಬಿದ್ದಿತ್ತು. ಅದರ ಹೆಬ್ಬೆರಳು ಇನ್ನೂ ಮೆಲ್ಲಗೆ ಅಲ್ಲಾಡುತ್ತಿತ್ತು. ನೋಡುತ್ತಿದ್ದಂತೆ ಹೋಗಿ ತೋರುಬೆರಳನ್ನು ಮುಟ್ಟಿತು, ಚಿಕ್ಕದೊಂದು ಬೀಗದ ಕೈ ಹಿಡಿದ ಹಾಗೆ.

ಗೌರಾಂಬ ಹಿಟ್ಟಿನ ಕೈಯಲ್ಲೇ ಆ ಕೈ ಹಿಡಿದುಕೊಂಡು ಬಿಕ್ಕಿದರು. ಬೆಳ್ಳಿಯಪ್ಪ ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ನಿಂತಿದ್ದರು. ಆಚಾರ್ರ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗದೆ ಅವರು ನನ್ನ ಕಡೆ ನೋಡಿದರು.

"ಆರಿಸಬೇಡಿ ಮೇಡಂ. ಇನ್ನೊಂದು ಸಲ ಸಾಯಿಸಿ."

ನಾನು ಕೂತು ಆಟವನ್ನು ಮತ್ತೆ ಶುರು ಮಾಡಿದೆ.